ಸಂಜೆ ಬಸ್ಸಿನ ಅಧ್ಯಕ್ಷೆ

ಅವರು ಬಹಳ ಮೆತ್ತಗೆ ಮಾತಾಡುತ್ತಿದ್ದರು ಎಂದು ಸಂತಾಪ ಸಭೆಯಲ್ಲಿ ಭಾಷಣಕಾರರೊಬ್ಬರು ಹೇಳಿದಾಗ ಹಿಂದಿನ ಬೆಂಚಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅಳು ತಡೆಯುತ್ತಿದ್ದಾಳೆ ಎಂದುಕೊಂಡರೋ ಏನೋ, ಭಾಷಣಕಾರರ ದನಿ ಇನ್ನಷ್ಟು ಗದ್ಗದವಾಯಿತು. ನಾನು ಆಕೆಯ ಪಕ್ಕದಲ್ಲೇ ನಿಂತಿದ್ದೆ. ಅದು ಅಳುವಾಗಿರಲಿಲ್ಲ.

ಪುತ್ತೂರಿನ ದರ್ಬೆಯಲ್ಲಿ ಒಂದು ಟೈಲರ್ ಅಂಗಡಿಯ ಮಹಡಿ ಮೇಲಿರುವ ಯೂನಿಯನ್ ಕೋಣೆಯಲ್ಲಿ ಸಭೆ. ಮೇಜಿನ ಮೇಲೆ, ಎಲ್ಲರೂ ಅಕ್ಕ ಎನ್ನುತ್ತಿದ್ದ ಅವರ ಫೋಟೊ, ಫೋಟೊಕ್ಕೆ ಮಲ್ಲಿಗೆ. ಫೋಟೊದಲ್ಲಿ ಅವರು ಹಳದಿ ಸೀರೆ ಉಟ್ಟಿದ್ದರು. ನನ್ನ ನೆನಪಿನಲ್ಲಿ ಅವರು ಯಾವಾಗಲೂ ಹಸಿರು ಸೀರೆಯವರು. ಇಂಥದ್ದರಿಂದಲೇ ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ.

ನನ್ನ ಸರದಿ ಬಂದಾಗ ನಾನೊಂದು ಕಥೆ ಹೇಳಿದೆ. ಫ್ಯಾಕ್ಟರಿಯ ಗೋಡೆಯ ಮೇಲಿನ ಒಂದು ಫಲಕಕ್ಕೆ ಆಯುಧ ಪೂಜೆಯ ದಿನ ಕುಂಕುಮ ಇಡಿಸಿ, ಆ ಒಂದು ಉಪಾಯದಿಂದಲೇ ಕೆಲಸಗಾರ್ತಿಯೊಬ್ಬಳ ಕೆಲಸವನ್ನು ಅಕ್ಕ ಉಳಿಸಿದ ಕಥೆ. ಅಕ್ಕ ಹೇಗೆ ಮೊದಲೇ ಎಲ್ಲ ಲೆಕ್ಕ ಹಾಕಿದ್ದರು, ಹೇಗೆ ಕಿವಿಯಲ್ಲಿ ಪಿಸುಗುಟ್ಟಿದರು ಎಂದೆಲ್ಲ ವಿವರಿಸಿದೆ. ಜನ ಚಪ್ಪಾಳೆ ತಟ್ಟಿದರು. ಕೆಲಸ ಉಳಿದದ್ದು ವಾರಿಜಳದು. ಬಾಯಿಗೆ ಸೆರಗು ಒತ್ತಿ ಹಿಡಿದಿದ್ದವಳೂ ಅವಳೇ. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಅವಳು ಹಿಂದಿನಿಂದ ಹೇಳಿದಳು: "ಚಂದ ಹೇಳಿದ್ರಿ ಡಾಕ್ಟ್ರೆ."

ಬೇರೆ ಯಾರು ಹೇಳಿದ್ದರೂ ನಾನು ಖುಷಿಪಡುತ್ತಿದ್ದೆ. ಆದರೆ ಆ ಗೇರುಬೀಜದ ಫ್ಯಾಕ್ಟರಿಯ ಹೆಂಗಸರ ಬಾಯಲ್ಲಿ 'ಚಂದ' ಎಂಬುದು ಹೊಗಳಿಕೆಯಲ್ಲ. ಅದಕ್ಕೆ ಕಾರಣ ಅಕ್ಕನೇ.

ಅಕ್ಕನ ಹೆಸರನ್ನು ನಾನು ಬರೆಯುವುದಿಲ್ಲ. ಯೂನಿಯನ್ನಿನ ಯಾವ ವರದಿಯಲ್ಲೂ ಯಾರ ಹೆಸರೂ ಬರಬಾರದೆಂಬುದು ಅವರ ನಿಯಮ. "ಹೆಸರು ಹಾಕಿದ್ರೆ ಒಬ್ಬಳು. ಹಾಕದಿದ್ರೆ ಎಲ್ಲರೂ," ಎನ್ನುತ್ತಿದ್ದರು. ವಾರಿಜಳ ಹೆಸರು ಬರೆಯಲು ವಾರಿಜಳೇ ಒಪ್ಪಿಗೆ ಕೊಟ್ಟಿದ್ದಾಳೆ, ಅದೂ ಮೊನ್ನೆ ಮೊನ್ನೆ.

ಕಡಬಕ್ಕೂ ಕೊಯಿಲಕ್ಕೂ ನಡುವೆ ಒಂದು ಗೇರುಬೀಜದ ಫ್ಯಾಕ್ಟರಿ ಇದೆ. ಆಫ್ರಿಕದಿಂದ ಹಡಗಿನಲ್ಲಿ ಮಂಗಳೂರಿಗೆ ಬಂದ ಬೀಜ ಲಾರಿ ಹತ್ತಿ ಇಲ್ಲಿಗೆ ಬರುತ್ತದೆ. ಇಲ್ಲಿ ಹಬೆಯಲ್ಲಿ ಬೆಂದು, ಒಡೆದು, ಸಿಪ್ಪೆ ಕಳಚಿ, ಡಬ್ಬಿ ಸೇರಿ ಯುರೋಪಿನ ಸೂಪರ್ ಮಾರ್ಕೆಟ್ಟುಗಳಿಗೆ ಹೋಗುತ್ತದೆ. ಅಕ್ಕ ಒಡೆಯುವ ವಿಭಾಗದವರು. ಕಾಲಿನಿಂದ ಪೆಡಲು ಒತ್ತಿ, ಕೈಯಿಂದ ಬೀಜವನ್ನು ಬ್ಲೇಡಿನ ನಡುವೆ ಇಟ್ಟು ಇಡೀ ದಿನ ಒಡೆಯುವುದು. ಸಿಪ್ಪೆಯ ಸೊನೆ ತಾಗಿ ಬೆರಳುಗಳು ಕಪ್ಪಾಗುತ್ತವೆ, ಸುಡುತ್ತವೆ. ಹರಳೆಣ್ಣೆ ಹಚ್ಚಿಕೊಂಡೇ ಕೂರಬೇಕು. ಸುಳ್ಯ ಕಡೆಯ ಅರೆಭಾಷೆ ಗೌಡರ ಮನೆಯಲ್ಲಿ ಹುಟ್ಟಿ ಮದುವೆಯಾಗಿ ಇತ್ತ ಬಂದ ಅವರು ಬೈಯುವುದು ಅರೆಭಾಷೆಯಲ್ಲಿ, ಹರಟುವುದು ತುಳುವಿನಲ್ಲಿ, ಮೇನೇಜರರ ಹತ್ತಿರ ಮಾತ್ರ ಕನ್ನಡ. ಅವರು ಕನ್ನಡಕ್ಕೆ ತಿರುಗಿದರೆ ಏನೋ ನಡೆಯಲಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ನಾನು ಆ ಫ್ಯಾಕ್ಟರಿಗೆ ಹೋದದ್ದು ದುಭಾಷಿಯಾಗಿ. ವಿಶ್ವವಿದ್ಯಾಲಯದಲ್ಲಿ ಜಾಗತಿಕ ಪೂರೈಕೆ ಸರಪಳಿ ಮತ್ತು ದುಡಿಮೆ ಎಂಬ ವಿಷಯದ ಮೇಲೆ ಪಿಎಚ್‌.ಡಿ. ಶುರುಮಾಡಿ, ಅರ್ಧದಲ್ಲಿ ಆ ಸಿದ್ಧಾಂತಗಳ ಮೇಲೂ ಮಾರ್ಗದರ್ಶಕರ ಮೇಲೂ ನಂಬಿಕೆ ಕಳೆದುಕೊಂಡು ಬಿಟ್ಟು ಬಂದವನು. ವಿದೇಶಿ ಖರೀದಿದಾರರ ಪರವಾಗಿ ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸುವ ಒಂದು ಸಂಸ್ಥೆಗೆ ಆಗ ಸ್ಥಳೀಯ ಭಾಷೆ ಬಲ್ಲವರು ಬೇಕಾಗಿದ್ದರು. ಆ ಆಡಿಟ್ಟುಗಳ ಮೇಲೂ ನನಗೆ ನಂಬಿಕೆ ಇರಲಿಲ್ಲ. ಆದರೆ ನಂಬಿಕೆ ಇಲ್ಲದವನಿಗೂ ಕೆಲಸ ಬೇಕಾಗುತ್ತದೆ.

ಮೊದಲ ಸಲ ಹೋದಾಗ ವಿದೇಶದಿಂದ ಬಂದ ಆಡಿಟರ್ ಹೆಂಗಸು ಅಕ್ಕನನ್ನು ಎದುರು ಕೂರಿಸಿಕೊಂಡು ಕೇಳಿದಳು: ನೀವು ಇಲ್ಲಿ ಸಂತೋಷವಾಗಿದ್ದೀರಾ? ನಾನು ಕನ್ನಡದಲ್ಲಿ ಕೇಳಿದೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಂತೋಷ ಎಂತಕ್ಕೆ? ನಾವು ಬಂದದ್ದು ಬೀಜ ಒಡೀಲಿಕ್ಕೆ."

ನಾನು ಅದನ್ನು ಇಂಗ್ಲಿಷಿಗೆ ತಂದೆ. ದುಡಿಮೆಗೂ ಭಾವನಾತ್ಮಕ ತೃಪ್ತಿಗೂ ಇರುವ ಅಂತರದ ಬಗ್ಗೆ ಇವರು ಸೂಚಿಸುತ್ತಿದ್ದಾರೆ ಎಂದು ಶುರುಮಾಡಿದ್ದು ಸ್ವಲ್ಪ ಉದ್ದವಾಯಿತು. ಆಡಿಟರ್ ಬರೆದುಕೊಳ್ಳುತ್ತಾ ಹೋದಳು.

"ನಾನು ಇಷ್ಟೆಲ್ಲ ಹೇಳಿದ್ದಾ?" ಎಂದರು ಅಕ್ಕ.

"ಇಲ್ಲ, ಸ್ವಲ್ಪ ವಿವರಿಸಿದೆ."

"ವಿವರ ಬೇಕಾದ್ರೆ ನಾನೇ ಕೊಡ್ತೇನೆ. ನೀವು ಚಂದ ಮಾಡ್ಬೇಡಿ ಮಾರಾಯ್ರೆ."

ಹೀಗೆ ಆ ಮಾತು ಹುಟ್ಟಿತು. ಆಮೇಲೆ ಫ್ಯಾಕ್ಟರಿಯಲ್ಲಿ ಯಾರಾದರೂ ಮಾತಿಗೆ ಬಣ್ಣ ಹಚ್ಚಿದರೆ "ಚಂದ ಹೇಳಿದೆ" ಎನ್ನುವುದು ರೂಢಿಯಾಯಿತಂತೆ. ನನ್ನ ಸಂಶೋಧನೆಯಿಂದ ಲೋಕಕ್ಕೆ ಸಂದ ಕೊಡುಗೆ ಸದ್ಯಕ್ಕೆ ಅಷ್ಟೇ.

ನಾನು ಡಾಕ್ಟರೇಟಿಗೆ ಓದಿದವನೆಂದು ತಿಳಿದದ್ದೇ ಅವರು ನನ್ನನ್ನು 'ಡಾಕ್ಟ್ರೆ' ಎಂದು ಕರೆಯತೊಡಗಿದರು. ಅದು ಮುಗಿಯಲಿಲ್ಲ ಎಂದೆ. "ಮುಗೀದಿದ್ರೆ ಎಂತಾಯ್ತು? ನಮ್ಮದು ಯಾವುದು ಮುಗ್ದುಂಟು?" ಎಂದರು. ಇದರ ಪರಿಣಾಮವಾಗಿ ಒಬ್ಬಾಕೆ ಒಂದು ದಿನ ಬಸ್ಸಿನಲ್ಲಿ ನನ್ನ ಮುಂದೆ ಕೈ ಚಾಚಿ, ಬೆರಳ ಸಂದಿಯ ಸುಟ್ಟ ಗಾಯಕ್ಕೆ ಮುಲಾಮು ಬರೆದುಕೊಡಲು ಕೇಳಿದಳು. ನಾನು ಆ ಥರದ ಡಾಕ್ಟರಲ್ಲ ಎಂದು ತಿಳಿಸಲು ಹೊರಟರೆ ಅಕ್ಕ ತಡೆದರು: "ಇವರು ಬರೇ ಕಾಯಿಲೆ ಯಾಕೆ ಬಂತು ಅಂತ ಹೇಳುವ ಡಾಕ್ಟ್ರು. ಮದ್ದು ಇವರತ್ರ ಇಲ್ಲ."

ಬಸ್ಸಿನ ವಿಷಯ ಬಂತು. ಅಕ್ಕ ಅಧ್ಯಕ್ಷೆಯಾಗಿದ್ದ ಯೂನಿಯನ್ ಇದ್ದದ್ದೇ ಬಸ್ಸಿನಲ್ಲಿ. ಫ್ಯಾಕ್ಟರಿ ಗೇಟಿನ ಬಳಿ ಸಭೆ ಸೇರಲು ಬಿಡುತ್ತಿರಲಿಲ್ಲ. ದರ್ಬೆಯ ಮಹಡಿ ಹತ್ತಲು ಯಾರಿಗೂ ಪುರುಸೊತ್ತಿರಲಿಲ್ಲ. ಮನೆಯಲ್ಲಿ ದನದ ಹಟ್ಟಿ, ಒಲೆ, ಮಕ್ಕಳು ಕಾಯುತ್ತಿದ್ದವು. ಎಲ್ಲರೂ ಒಟ್ಟಿಗೆ ಸಿಗುವ ಒಂದೇ ಜಾಗವೆಂದರೆ ಕಡಬದಿಂದ ಪುತ್ತೂರಿಗೆ ಹೋಗುವ ಸಂಜೆಯ ಸರ್ಕಾರಿ ಬಸ್ಸು. ಅಕ್ಕ ಸೀಟು ಸಿಕ್ಕಿದರೂ ಕೂರುತ್ತಿರಲಿಲ್ಲ. ಹಿಂದಿನ ಬಾಗಿಲ ಬಳಿ ಕಂಬಿಗೆ ಒರಗಿ ನಿಂತರೆ ಸಭೆ ಶುರು. ಆ ದನಿ ಡ್ರೈವರನ ಹಾರ್ನಿಗೂ ಮಣಿಯುತ್ತಿರಲಿಲ್ಲ. ಮೆತ್ತಗೆ ಮಾತಾಡುತ್ತಿದ್ದರಂತೆ.

ಮತದಾನವೂ ಅಲ್ಲೇ. ಮೊದಮೊದಲು ಕೈ ಎತ್ತಿ ಎಂದರೆ ಎಲ್ಲರೂ ಕಂಬಿ ಬಿಟ್ಟು ಕೈ ಎತ್ತಿ, ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು, ಯಾರು ಯಾವ ಕಡೆ ಎಂದೇ ತಿಳಿಯುತ್ತಿರಲಿಲ್ಲವಂತೆ. ಅದಕ್ಕೆ ಅಕ್ಕ ಒಂದು ತಿದ್ದುಪಡಿ ತಂದರು: ಬಸ್ಸು ನಿಂತಿರುವಾಗ ಮಾತ್ರ ವೋಟು. ಕಂಡಕ್ಟರನಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮುಖ್ಯ ವಿಷಯವಿದ್ದ ದಿನ ಸ್ಟಾಪಿನಲ್ಲಿ ಕೈಗಳು ಇಳಿದ ಮೇಲೆಯೇ ಸೀಟಿ ಊದುತ್ತಿದ್ದ. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ವಾರ ಅಕ್ಕ ಟಿಕೆಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಹೇಳಿದ್ದರು: "ನೋಡಿ, ಇನ್ನು ನಮ್ಮ ಆಫೀಸಿನ ಬಾಡಿಗೆ ಸರ್ಕಾರದ್ದು."

ಅವರನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ಅವರಿಗೆ ಪಕ್ಷಪಾತವಿತ್ತು, ಮಲ್ಲಿಗೆ ತಂದುಕೊಡುವವರಿಗೆ ಕಿಟಕಿ ಸೀಟು ಸಿಗುತ್ತಿತ್ತು. ಯುರೋಪು ಒಂದೇ ದೇಶ ಎಂದು ನಂಬಿದ್ದರು. ಅಲ್ಲ ಎಂದು ನಾನು ಭೂಪಟ ತೋರಿಸಿದರೂ ಒಪ್ಪಲಿಲ್ಲ. "ದುಡ್ಡು ಒಂದೇ ಅಲ್ವಾ? ಮತ್ತೆ ದೇಶ ಒಂದೇ," ಎಂದು ಮಾತು ಮುಗಿಸಿದರು. ಸೋತ ವಾದವನ್ನು ಗೆದ್ದಂತೆ ಮುಗಿಸುವುದು ಅವರಿಗೆ ಸಿದ್ಧಿಸಿತ್ತು.

ಒಂದು ಭಾನುವಾರ ದರ್ಬೆಯ ಕೋಣೆಯಲ್ಲಿ ಆಫ್ರಿಕದ ಬೀಜದ ಫ್ಯಾಕ್ಟರಿಯೊಂದರ ಹೆಂಗಸರೊಡನೆ ವಿಡಿಯೊದಲ್ಲಿ ಮಾತುಕತೆ ಏರ್ಪಾಡಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟವೊಂದರವರು ಜೋಡಿಸಿಕೊಟ್ಟದ್ದು. ಆಚೆ ಅವರ ಭಾಷೆಯಿಂದ ಇಂಗ್ಲಿಷಿಗೆ ಒಬ್ಬ, ಈಚೆ ಇಂಗ್ಲಿಷಿನಿಂದ ತುಳುವಿಗೆ ನಾನು. ಮೊದಲ ಸ್ವಲ್ಪ ಹೊತ್ತು ಎರಡೂ ಕಡೆಯವರು ನಾಚಿ ಕೂತರು. ಆಮೇಲೆ ಅಕ್ಕ ಎದ್ದು ಎರಡೂ ಅಂಗೈಗಳನ್ನು ಕ್ಯಾಮೆರಾಕ್ಕೆ ಹಿಡಿದರು. ಆಚೆಯ ಹೆಂಗಸರು ಹೋ ಎಂದು ನಕ್ಕು ತಮ್ಮ ಅಂಗೈಗಳನ್ನು ಹಿಡಿದರು. ಅದೇ ಕಪ್ಪು ಬೆರಳ ತುದಿ. ದುಭಾಷಿಗಳಿಬ್ಬರಿಗೂ ಅಲ್ಲಿ ಕೆಲಸವಿರಲಿಲ್ಲ.

ಆ ಕಡೆಯವರು ಫೋನನ್ನು ತಿರುಗಿಸಿ ತಮ್ಮ ಫ್ಯಾಕ್ಟರಿಯನ್ನು ತೋರಿಸುತ್ತಿದ್ದಾಗ ಅಕ್ಕ ತಟ್ಟನೆ ಹೇಳಿದರು: "ನಿಲ್ಲಿಸ್ಲಿಕ್ಕೆ ಹೇಳಿ. ಆ ಕುರ್ಚಿ ತೋರಿಸ್ಲಿ."

ಸಾಧಾರಣ ಕುರ್ಚಿ. ಆದರೆ ಅದಕ್ಕೆ ಬೆನ್ನಿತ್ತು. ಇಲ್ಲಿ ಇವರು ಇಡೀ ದಿನ ಕೂರುವುದು ಬೆನ್ನಿಲ್ಲದ ಸ್ಟೂಲಿನ ಮೇಲೆ.

"ಬೀಜ ಅವರದ್ದೇ, ಒಡೆಯುದೂ ಹಾಗೆಯೇ, ತಿನ್ನುವವರೂ ಅದೇ ಯುರೋಪಿನವರು," ಎಂದರು ಅಕ್ಕ. "ಅವರಿಗೆ ಒರಗ್ಲಿಕ್ಕೆ ಉಂಟು, ನಮಗೆ ಯಾಕೆ ಇಲ್ಲ?"

ಆ ವಾರವೇ ಬಸ್ಸಿನಲ್ಲಿ ಕೈ ಎತ್ತಿ ತೀರ್ಮಾನವಾಯಿತು: ಬೆನ್ನಿರುವ ಕುರ್ಚಿ ಕೇಳುವುದು. ಮೇನೇಜರರ ಹತ್ತಿರ ಕೇಳಿದರು, ನೋಡುವ ಎಂದರು. ಮತ್ತೆ ಕೇಳಿದರು, ಮತ್ತೆ ನೋಡುವ ಎಂದರು. ಆಮೇಲೆ ಆ ವರ್ಷದ ಆಡಿಟ್ ಬಂತು.

ಇಲ್ಲಿ ಆ ಫಲಕದ ಬಗ್ಗೆ ಹೇಳಬೇಕು. ಖರೀದಿದಾರರು ತಮಗೆ ಸರಕು ಕಳಿಸುವ ಎಲ್ಲ ಫ್ಯಾಕ್ಟರಿಗಳಿಗೂ ಕಾರ್ಮಿಕರ ಹಕ್ಕುಗಳ ಒಂದು ಫಲಕ ಕಳಿಸುತ್ತಾರೆ. ಗಾಜು ಹಾಕಿದ ಚೌಕಟ್ಟು, ಒಳಗೆ ಕನ್ನಡದಲ್ಲಿ ಬರೆದ ನಿಯಮಗಳು. ಕೆಲಸಗಾರರು ತಮಗೆ ಬೇಕಾದ ಸಂಘ ಸೇರಬಹುದು, ದೂರು ಹೇಳಿದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯತಕ್ಕದ್ದಲ್ಲ, ಹೀಗೆ. ಕೆಳಗೆ ದೂರು ಹೇಳಲು ಒಂದು ಫೋನ್ ನಂಬರು. ನಮ್ಮ ಫ್ಯಾಕ್ಟರಿಯಲ್ಲಿ ಇದು ಆಡಿಟ್ಟಿನ ಹಿಂದಿನ ದಿನ ತೂಕದ ತಕ್ಕಡಿಯ ಪಕ್ಕದ ಗೋಡೆ ಏರುತ್ತಿತ್ತು, ಆಡಿಟ್ಟಿನ ಮರುದಿನ ಇಳಿದು ಸ್ಟೋರ್ ರೂಮು ಸೇರುತ್ತಿತ್ತು. ಹೆಂಗಸರು ಅದನ್ನು 'ಆಡಿಟ್ ಫೋಟೊ' ಎನ್ನುತ್ತಿದ್ದರು. ವರ್ಷವಿಡೀ ಗೋಡೆಯ ಮೇಲೆ ಕಾಣುತ್ತಿದ್ದದ್ದು ಅದರ ಮೊಳೆ ಮಾತ್ರ.

ಆ ಆಡಿಟ್ಟಿನಲ್ಲಿ ಆಡಿಟರ್ ಎದುರು ಕೂತು ಕುರ್ಚಿಯ ವಿಷಯ ಹೇಳಿದ್ದು ವಾರಿಜ. ಅವಳು ಆಗ ಹೊಸಬಳು. ಗಂಡ ಮರದಿಂದ ಬಿದ್ದು ಸೊಂಟ ಏಳದೆ ಮಲಗಿದ್ದ. ಮನೆ ನಡೆಯುತ್ತಿದ್ದದ್ದು ಇವಳ ಕೈಯಿಂದ. ಮೇನೇಜರೇ ಆರಿಸಿ ಕಳಿಸಿದ್ದು, ಇವಳು ಬಾಯಿ ಬಿಡುವವಳಲ್ಲ ಎಂಬ ಧೈರ್ಯದಿಂದ. ಅವಳು ಬಾಯಿ ಬಿಟ್ಟಳು. ಬೆನ್ನು ನೋಯುತ್ತದೆ, ಕುರ್ಚಿ ಕೇಳಿದರೆ ಕೊಡುವುದಿಲ್ಲ, ಆಫ್ರಿಕದವರಿಗೆ ಉಂಟಂತೆ ಎಂದಳು. ನಾನು ಚಂದ ಮಾಡದೆ ಅನುವಾದಿಸಿದೆ.

ಆಡಿಟ್ಟಿನ ಮರುದಿನ ಆಯುಧ ಪೂಜೆ. ಆ ಗಡಿಬಿಡಿಯಲ್ಲಿ ಫಲಕ ಇಳಿಸಲು ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆಯಿಂದ ಹೆಂಗಸರು ಯಂತ್ರಗಳನ್ನು ತೊಳೆದು, ಒರೆಸಿ, ಗಂಧ ಕುಂಕುಮ ಇಟ್ಟು, ಗೊಂಡೆ ಹೂ ಸಿಕ್ಕಿಸುತ್ತಾ ಬಂದರು. ಒಡೆಯುವ ಯಂತ್ರ, ಸಿಪ್ಪೆ ತೆಗೆಯುವ ಚೂರಿ, ತಕ್ಕಡಿ, ಪೊರಕೆ, ಲಾರಿ, ಮೇನೇಜರರ ಬೈಕು. ಫಲಕಕ್ಕೂ ಕುಂಕುಮ ಬಿತ್ತು, ಚೌಕಟ್ಟಿನ ಮೇಲೆ ಹೂ ಬಂತು, ಪೂಜೆಗೆ ಬಂದ ಭಟ್ಟರು ಎಲ್ಲದರ ಜೊತೆಗೆ ಅದಕ್ಕೂ ಆರತಿ ಎತ್ತಿದರು. ಕುಂಕುಮ ಬಿದ್ದದ್ದು ನೇರ ಫೋನ್ ನಂಬರಿನ ಮೇಲೆ.

ರಜೆ ಕಳೆದು ಫ್ಯಾಕ್ಟರಿ ತೆರೆದಾಗ ಮೇನೇಜರರು ಫಲಕ ಇಳಿಸಲು ಅಟೆಂಡರಿಗೆ ಹೇಳಿದರು. ಅಟೆಂಡರು ಆ ಕಡೆ ಹೋಗಿ, ನೋಡಿ, ಹಾಗೆಯೇ ವಾಪಸು ಬಂದರು.

"ಪೂಜೆ ಆದದ್ದು ಸರ್. ನಾನು ಮುಟ್ಟುದಿಲ್ಲ."

ಮೇನೇಜರರು ಕೆಟ್ಟ ಮನುಷ್ಯರಲ್ಲ. ಮಾಲಕರಿಗೂ ದೇವರಿಗೂ ಸಮನಾಗಿ ಹೆದರುವವರು, ಗಂಧದ ಬೊಟ್ಟಿಲ್ಲದೆ ಗೇಟು ದಾಟುವವರಲ್ಲ. ಅವರೂ ಕೈ ಹಾಕಲು ಹಿಂಜರಿದು ಭಟ್ಟರಿಗೇ ಫೋನು ಮಾಡಿದರು. ಭಟ್ಟರು ಎಲ್ಲೋ ಊಟದ ಪಂಕ್ತಿಯಲ್ಲಿದ್ದರಂತೆ. "ಆಯುಧ ಅಂತ ಪೂಜೆ ಆದ ಮೇಲೆ ಅದು ಕೆಲಸ ಮಾಡುವ ಜಾಗದಲ್ಲೇ ಇರ್ಬೇಕಲ್ಲ. ಮೂಲೆಗೆ ಹಾಕುದು ಸರಿ ಅಲ್ಲ," ಎಂದು ಹೇಳಿ ಪಾಯಸಕ್ಕೆ ಮರಳಿದರು. ಫಲಕ ಗೋಡೆಯಲ್ಲೇ ಉಳಿಯಿತು.

ಅಂದಿನಿಂದ ಬೀಜ ತೂಗಿಸಲು ಬಂದ ಪ್ರತಿಯೊಬ್ಬಳೂ ಫಲಕದ ಮುಂದೆ ನಿಂತು, ಗಾಜಿನಿಂದ ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡು ಹೋಗತೊಡಗಿದಳು. ಭಕ್ತಿಗೆ ಅಡ್ಡಿ ಮಾಡುವವರು ಯಾರು? ಎರಡು ದಿನ ಕಳೆಯುವಷ್ಟರಲ್ಲಿ ಫೋನ್ ನಂಬರು ಶುಭ್ರವಾಗಿ ಕಾಣಿಸಿತು.

ಅದೇ ವಾರ ವಾರಿಜಳಿಗೆ, ನಾಳೆಯಿಂದ ಬರುವುದು ಬೇಡ ಎಂದರು. ಕೆಲಸ ಕಡಿಮೆಯಂತೆ. ಗೋದಾಮಿನಲ್ಲಿ ಚೀಲಗಳು ಸೂರು ಮುಟ್ಟುವಷ್ಟು ಏರಿದ್ದವು. ಸಂಜೆ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳಂತೆ. ಅಕ್ಕ ಅವತ್ತು ಸಭೆ ಮಾಡಲಿಲ್ಲ. ಅವಳ ಪಕ್ಕದಲ್ಲಿ ಕೂತರು. ಅಕ್ಕ ಬಸ್ಸಿನಲ್ಲಿ ಕೂತದ್ದು ಅದೊಂದೇ ಸಲ ಎಂದು ಎಲ್ಲರೂ ಹೇಳುತ್ತಾರೆ. ಇಳಿಯುವಾಗ ಮಾತ್ರ ಅರೆಭಾಷೆಯಲ್ಲಿ ಒಂದು ಮಾತು ಹೇಳಿದರು: "ನಂಗೆ ಗೊತ್ತುಟ್ಟು." ಏನು ಗೊತ್ತುಂಟು ಎಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಯಾರೂ ಯಂತ್ರಕ್ಕೆ ಕೂರಲಿಲ್ಲ. ಚಪ್ಪಲಿಯನ್ನು ಒಂದು ಬದಿಗೆ ಸಾಲಾಗಿ ಬಿಟ್ಟು ಫಲಕದ ಮುಂದೆ ಕೈಮುಗಿದು ನಿಂತರು. ಮೇನೇಜರರು ಓಡಿಬಂದರು.

"ಎಂತ ಇದು? ಕೆಲಸಕ್ಕೆ ಕೂರುದಿಲ್ವಾ?"

ಅಕ್ಕ ಕನ್ನಡಕ್ಕೆ ತಿರುಗಿದರು. "ಕೂರ್ತೇವೆ ಸರ್. ಅದಕ್ಕೆ ಮೊದ್ಲು ನೀವು ಇದನ್ನು ಒಂದು ಸಲ ಓದಿ ಹೇಳ್ಬೇಕು."

"ನಿಮಗೆ ಓದ್ಲಿಕ್ಕೆ ಬರ್ತದಲ್ಲ."

"ಬರ್ತದೆ. ನಾವು ಓದಿದ್ರೆ ಅದು ಸ್ಟ್ರೈಕು. ನೀವು ಓದಿದ್ರೆ ನೋಟಿಸು."

ಮೇನೇಜರರು ಸುತ್ತ ನೋಡಿದರು. ಒಂದು ನಿಮಿಷದ ಕೆಲಸ, ಓದಿ ಮುಗಿಸಿದರೆ ಯಂತ್ರಗಳು ಶುರುವಾಗುತ್ತವೆ ಎಂದುಕೊಂಡು ಮುಂದೆ ಬಂದರು.

"ಚಪ್ಪಲಿ ಮಾತ್ರ ಅಲ್ಲಿ ಬಿಡಿ ಸರ್," ಎಂದರು ಅಕ್ಕ. "ಪೂಜೆ ಆದದ್ದು."

ಅವರು ಚಪ್ಪಲಿ ಬಿಟ್ಟರು. ಬರಿಗಾಲಿನಲ್ಲಿ ನಿಂತು, ಅಭ್ಯಾಸಬಲದಿಂದ ಒಮ್ಮೆ ಕೈಯನ್ನೂ ಮುಗಿದು, ಓದತೊಡಗಿದರು. ದೂರು ಹೇಳಿದ ಕಾರಣಕ್ಕೆ ಎಂಬಲ್ಲಿಗೆ ಬಂದಾಗ ದನಿ ಇಳಿಯಿತು.

"ಅದು ಕೇಳ್ಲಿಲ್ಲ ಸರ್," ಎಂದರು ಅಕ್ಕ. "ಯಂತ್ರದ ಸದ್ದು."

ಯಾವ ಯಂತ್ರವೂ ನಡೆಯುತ್ತಿರಲಿಲ್ಲ. ಆದರೂ ಅವರು ಆ ಸಾಲನ್ನು ಇನ್ನೊಮ್ಮೆ, ಗಟ್ಟಿಯಾಗಿ ಓದಿದರು. ಹೆಂಗಸರು ಕೈ ಇಳಿಸಿ ಕೆಲಸಕ್ಕೆ ಕೂತರು. ಆ ದಿನ ಸಂಜೆ ಬಸ್ಸಿನಿಂದ ಒಬ್ಬೊಬ್ಬರಾಗಿ ಆ ಫೋನ್ ನಂಬರಿಗೆ ಕರೆ ಮಾಡಿದರು. ಆಚೆ ಕನ್ನಡ ಬಲ್ಲ ಒಬ್ಬ ಹುಡುಗಿ, ಪಾಪ, ಎಲ್ಲರ ಮಾತನ್ನೂ ಬರೆದುಕೊಂಡಳಂತೆ. ನಾನು ನನ್ನ ಸಂಸ್ಥೆಯ ಮೂಲಕ ಖರೀದಿದಾರರಿಗೆ ಒಂದು ಇ-ಮೇಲ್ ಕಳಿಸಿದೆ. ಮುಂದಿನ ವಾರ ಅಟೆಂಡರು ವಾರಿಜಳ ಮನೆಗೆ ಹೋಗಿ, ನಾಳೆ ಬರಬೇಕಂತೆ ಎಂದು ಹೇಳಿ ಬಂದರು. ಮುಂದಿನ ಮಳೆಗಾಲದ ಮೊದಲು ಕುರ್ಚಿಗಳೂ ಬಂದವು. ಪ್ಲಾಸ್ಟಿಕ್ಕಿನವು, ಬೆನ್ನಿರುವವು. ಅಕ್ಕ ಒರಗಿ ಕೂತು, "ಆಫ್ರಿಕದ ಉಪಕಾರ," ಎಂದರು.

ಯಾವುದರಿಂದ ಕೆಲಸವಾಯಿತು? ನನ್ನ ಇ-ಮೇಲಿನಿಂದ ಎಂದು ನಾನು ಕೆಲವು ಕಾಲ ನಂಬಿದ್ದೆ. ಫೋನಿನಿಂದ ಎಂದು ದರ್ಬೆಯ ಕೋಣೆಯವರು. ಚಪ್ಪಲಿಯಿಂದ ಎಂದು ಬಸ್ಸಿನವರು. ಒಂದು ಜಾಗತಿಕ ಸರಪಳಿ ಎಲ್ಲಿ ಅಲುಗಿತು ಎಂದು ಹುಡುಕುವುದು ನನ್ನ ಓದಿನ ವಿಷಯವೇ ಆಗಿತ್ತು. ಕಣ್ಣೆದುರೇ ಅಲುಗಿದ್ದೂ ನನಗೆ ತಿಳಿಯಲಿಲ್ಲ.

ಅಕ್ಕ ತೀರಿಕೊಂಡದ್ದು ನಿವೃತ್ತರಾದ ಕೆಲವು ತಿಂಗಳಿಗೆ, ಜ್ವರದ ನೆಪ. ಸಂತಾಪ ಸಭೆಯಲ್ಲಿ ನಾನು ಹೇಳಿದ ಕಥೆಯೂ ವಾರಿಜಳ "ಚಂದ ಹೇಳಿದ್ರಿ" ಎಂಬ ಮಾತೂ ನನ್ನನ್ನು ಬಿಡಲಿಲ್ಲ. ಒಂದು ಸಂಜೆ ಫ್ಯಾಕ್ಟರಿಯ ಸ್ಟಾಪಿಗೆ ಹೋಗಿ ಅದೇ ಬಸ್ಸು ಹತ್ತಿದೆ. ಹಿಂದಿನ ಬಾಗಿಲ ಬಳಿಯ ಕಂಬಿ ಖಾಲಿಯಿತ್ತು. ಅಷ್ಟು ನೂಕುನುಗ್ಗಲಿನಲ್ಲೂ ಅಲ್ಲಿ ಯಾರೂ ನಿಂತಿರಲಿಲ್ಲ. ವಾರಿಜ ಸ್ವಲ್ಪ ಈಚೆ, ಸೀಟೊಂದನ್ನು ಹಿಡಿದು ನಿಂತಿದ್ದಳು.

"ಅವತ್ತು ನಾನು ಹೇಳಿದ್ದರಲ್ಲಿ ಎಂತ ತಪ್ಪು?" ಎಂದು ಕೇಳಿದೆ.

"ತಪ್ಪು ಅಂತ ಅಲ್ಲ," ಎಂದಳು. "ನೀವು ಪೂಜೆ ದಿನ ಅಲ್ಲಿ ಇರ್ಲೇ ಇಲ್ಲ."

ಅದು ನಿಜ. ಆಡಿಟ್ ಮುಗಿಸಿ ಮನೆಗೆ ಹೋಗಿದ್ದೆ. ಆದರೆ ಅಕ್ಕ ಪಿಸುಗುಟ್ಟುವುದನ್ನು ಕಣ್ಣಾರೆ ಕಂಡ ಹಾಗಿದೆ ನನ್ನ ನೆನಪು. ಅವರ ಸೀರೆ ಹಸಿರು.

"ಅದಕ್ಕೆ ಕುಂಕುಮ ಇಡು ಅಂತ ಅಕ್ಕ ಹೇಳಿದ್ದಲ್ವಾ?"

ಸುತ್ತ ನಿಂತವರು ನಗಲು ತಯಾರಾಗುವುದು ಕಂಡಿತು.

"ಇಲ್ಲ ಮಾರಾಯ್ರೆ. ಕೈಯಲ್ಲಿ ಕುಂಕುಮ ಉಳ್ದಿತ್ತು. ತಕ್ಕಡಿಗೆ ಇಟ್ಟೆ, ಪೊರಕೆಗೆ ಇಟ್ಟೆ. ಪಕ್ಕದಲ್ಲಿ ಗಾಜಿನ ಫೋಟೊ ಕಂಡಿತು, ದೇವರದ್ದು ಅಂತ ಇಟ್ಟೆ. ನಾನು ಹೊಸಬಳು, ನನಗೆಂತ ಗೊತ್ತು? ಅಕ್ಕ ನೋಡಿ ತಲೆಗೆ ಕೈ ಕೊಟ್ಟರು. ನಂಬರೇ ಮುಚ್ಚಿಹೋಯ್ತಲ್ಲ ಹೆಣ್ಣೇ, ಒರಸು ಬೇಗ ಅಂದ್ರು. ನಾನು ಬಟ್ಟೆ ತರುವಷ್ಟರಲ್ಲಿ ಭಟ್ರು ಆರತಿ ಎತ್ತಿಯಾಗಿತ್ತು."

ಬಸ್ಸಿನ ಅರ್ಧ ಭಾಗ ನಕ್ಕಿತು. ನಗು ಇಳಿಯುವಾಗ ನನಗೆ ನೆನಪಾಯಿತು. ಅಕ್ಕ ನನಗೆ ಇದನ್ನು ಹೇಳಿದ್ದರು, ಇದೇ ಬಸ್ಸಿನಲ್ಲಿ, ಬಹುಶಃ ಇದೇ ರಸ್ತೆಯಲ್ಲಿ. "ಅದು ನನ್ನ ತಲೆ ಅಲ್ಲ ಡಾಕ್ಟ್ರೆ, ವಾರಿಜನ ತಪ್ಪು. ನಾವು ತಪ್ಪನ್ನು ತಿದ್ಲಿಲ್ಲ, ಅಷ್ಟೇ." ನಾನು ಅದನ್ನು ವಿನಯವೆಂದು ತಿಳಿದು ಬದಿಗಿಟ್ಟಿದ್ದೆ. ಅಕ್ಕನಿಗೆ ವಿನಯ ಯಾವಾಗ ಇತ್ತು? ಇದ್ದದ್ದು, ಕೈಗೆ ಬಂದ ತಪ್ಪನ್ನು ಬೆಳಗಾಗುವುದರೊಳಗೆ ಉಪಯೋಗಕ್ಕೆ ತರುವ ಚಾಲಾಕಿತನ. ಈಗ ಬಂದ ಈ ನೆನಪೂ ನಿಜವೇ ಎಂದು ಕೇಳಿದರೆ ನಾನು ಆಣೆ ಹಾಕಲಾರೆ. ಆದರೆ ಇದರಲ್ಲಿ ಚಂದ ಕಡಿಮೆ. ಆ ಕಾರಣಕ್ಕೆ ನಂಬುತ್ತೇನೆ.

"ನೀವು ಬರೆಯುದಾದ್ರೆ ನನ್ನ ಹೆಸರು ಹಾಕಿ," ಎಂದಳು ವಾರಿಜ. "ತಪ್ಪು ನನ್ನದೇ ಅಲ್ವಾ? ಅದನ್ನು ಎಲ್ಲರ ಮೇಲೆ ಹಾಕುದು ಬೇಡ."

ಅಷ್ಟರಲ್ಲಿ ಮುಂದಿನಿಂದ ಒಬ್ಬ ಹಿರಿಯ ಹೆಂಗಸು ಕೂಗಿ ಹೇಳಿದಳು: "ಮಾತು ಸಾಕು, ವಿಷಯಕ್ಕೆ ಬನ್ನಿ. ಅಧ್ಯಕ್ಷರು ಯಾರು ಅಂತ ಇವತ್ತು ಆಗ್ಬೇಕು. ಆಡಿಟ್ ಬರ್ತಾ ಉಂಟು."

"ವಾರಿಜ," ಎಂದರು ಎರಡು ಮೂರು ಜನ.

"ನನಗೆ ಆಗುದಿಲ್ಲ," ಎಂದಳು ವಾರಿಜ. ನಗು ಹೋಗಿತ್ತು. "ಒಮ್ಮೆ ಬಾಯಿ ಬಿಟ್ಟು ಕೆಲಸ ಹೋದದ್ದು ಸಾಕು. ಇನ್ನೊಮ್ಮೆ ಹೋದ್ರೆ ತರಿಸ್ಲಿಕ್ಕೆ ಅಕ್ಕ ಇಲ್ಲ."

ಅವಳ ಗಂಡ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾನೆ, ಅಷ್ಟೇ. ಬಸ್ಸಿನಲ್ಲಿ ಅದು ಗೊತ್ತಿಲ್ಲದವರಿರಲಿಲ್ಲ. ಬಸ್ಸು ಒಂದು ಏರು ಹತ್ತಿತು.

"ಅಕ್ಕ ಇಲ್ಲ," ಎಂದಳು ಆ ಹಿರಿಯಾಕೆ ಕೊನೆಗೆ. "ಆಡಿಟ್ ಫೋಟೊ ಉಂಟು. ನಾವಿದ್ದೇವೆ. ಚಪ್ಪಲಿ ಬಿಡ್ಲಿಕ್ಕೆ ಎಲ್ಲರಿಗೂ ಬರ್ತದೆ."

ಸ್ಟಾಪು ಬಂತು. ಕಂಡಕ್ಟರ್ ಸೀಟಿಯನ್ನು ತುಟಿಯವರೆಗೆ ತಂದು ಹಾಗೆಯೇ ಹಿಡಿದುಕೊಂಡ. "ಬೇಗ ಮುಗಿಸಿ ಅಕ್ಕಂದಿರೆ, ಮುಂದೆ ದೊಡ್ಡ ತಿರುವು."

ಕೈಗಳು ಮೇಲೆ ಹೋದವು. ಕಪ್ಪು ಬೆರಳ ತುದಿಗಳು ಬಸ್ಸಿನ ತುಂಬ. ವಾರಿಜ ತಲೆ ತಗ್ಗಿಸಿ ನಿಂತಿದ್ದವಳು, ಎಷ್ಟೋ ಹೊತ್ತಿನ ಮೇಲೆ ಎಂಬಂತೆ ಎರಡು ಹೆಜ್ಜೆ ಸರಿದು, ಹಿಂದಿನ ಬಾಗಿಲ ಬಳಿಯ ಕಂಬಿಗೆ ಬೆನ್ನು ಕೊಟ್ಟಳು. ಆಮೇಲೆ ತಲೆ ಎತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡುತ್ತಾ ಬಂದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು. ನಾನೂ ಕೈ ಎತ್ತಿದ್ದೆ. ಯಾವಾಗ ಎತ್ತಿದೆನೋ ತಿಳಿಯದು.

"ಡಾಕ್ಟ್ರೆ," ಎಂದಳು, ಇಡೀ ಬಸ್ಸಿಗೆ ಕೇಳುವ ಹಾಗೆ. "ನಿಮಗೆ ವೋಟಿಲ್ಲ. ಕೈ ಇಳಿಸಿ ಕಂಬಿ ಹಿಡ್ಕೊಳ್ಳಿ. ತಿರುವು ಬಂತು."